ಮಾಟದ ಆಪಾದನೆ: ಬಳ್ಳಿಗಾವೆಯ ಕಲ್ಲು ಹೇಳಿದ ಸಾಕ್ಷಿ

ಮಾಟದ ಆಪಾದನೆ ಹುಟ್ಟುವುದು ಕೊಟ್ಟಿಗೆಯಲ್ಲಿ, ಇಲ್ಲವೆ ಅಡುಗೆಮನೆಯಲ್ಲಿ. ನಿನ್ನೆಯವರೆಗೆ ಚೆನ್ನಾಗಿ ಕರೆಯುತ್ತಿದ್ದ ಎಮ್ಮೆ ಇವತ್ತು ಒದೆಯುತ್ತದೆ. ಮಗುವಿನ ಜ್ವರ ಮೂರು ದಿನವಾದರೂ ಇಳಿಯುವುದಿಲ್ಲ. ಮದುವೆಯಾದ ಮಗ ತಾಯಿಯ ಮಾತಿಗೆ ಹೂಂಗುಟ್ಟುವುದನ್ನು ಬಿಟ್ಟಿದ್ದಾನೆ. ಮನೆಯವರು ನೋಟ ನೋಡುವವರ ಬಳಿಗೆ ಹೋಗುತ್ತಾರೆ. ಅಲ್ಲಿ ವೀಳ್ಯದೆಲೆಗೆ ಅಂಜನ ಹಚ್ಚುತ್ತಾರೆ, ಅಥವಾ ಕವಡೆ ಹಾಕುತ್ತಾರೆ. ನೋಟಗಾರ ಜಾಣ, ಹೆಸರು ಹೇಳುವುದಿಲ್ಲ. ಮೂಡಲ ದಿಕ್ಕು, ಹೆಂಗಸು, ನಿಮ್ಮ ಮನೆಯ ಅನ್ನ ಉಂಡವಳು ಎಂದಷ್ಟೇ ಹೇಳಿ ದಕ್ಷಿಣೆ ಇಸಿದುಕೊಳ್ಳುತ್ತಾನೆ. ಹೆಸರನ್ನು ತುಂಬಿಕೊಳ್ಳುವವರು ಮನೆಯವರೇ. ಯಾವ ಹಳ್ಳಿಯಲ್ಲಾದರೂ ಮೂಡಲ ದಿಕ್ಕಿಗೆ ಯಾರದೋ ಒಂದು ಮನೆ ಇದ್ದೇ ಇರುತ್ತದೆ.

ಈ ಆಪಾದನೆಗೆ ಕನ್ನಡ ನಾಡಿನಲ್ಲಿ ಒಂದೊಂದು ಕಡೆ ಒಂದೊಂದು ಹೆಸರು. ಬೀದರ್, ಕಲಬುರಗಿಯ ಕಡೆ ಬಾನಾಮತಿ. ಉಳಿದೆಡೆ ಮಾಟ, ಮಂತ್ರ, ಮಾಡಿಸಿದ್ದು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದಂಥ ಅರೆಮಲೆನಾಡಿನಲ್ಲಿ ಇವುಗಳ ಜೊತೆಗೆ ಮದ್ದು. ಊಟದಲ್ಲಿ ಏನನ್ನೋ ಬೆರೆಸಿ ಹಾಕಿದ್ದಾರೆ, ಅದು ಹೊಟ್ಟೆಯಲ್ಲಿ ಕೂತುಬಿಟ್ಟಿದೆ, ಅದಕ್ಕೇ ಮನುಷ್ಯ ಸೊರಗುತ್ತಿದ್ದಾನೆ ಎಂಬ ನಂಬಿಕೆ ಅದು. ಮದ್ದು ತೆಗೆಯುವವರು ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಇಗೋ ಬಂತು ಎಂದು ಏನೋ ಒಂದು ಗಂಟನ್ನು ತೋರಿಸುತ್ತಾರೆ. ಮನೆಯಲ್ಲಿ ಅನ್ನ ಬಡಿಸುವ ಕೈ ಹೆಂಗಸಿನದು. ಹಾಗಾಗಿ ಅನುಮಾನ ಬೀಳುವುದೂ ಆ ಕೈಯ ಮೇಲೆಯೇ. ಅತ್ತೆಯ ಮೇಲೆ ಸೊಸೆಗೆ, ಸೊಸೆಯ ಮೇಲೆ ಅತ್ತೆಗೆ, ಇಬ್ಬರಿಗೂ ಸೇರಿ ಪಕ್ಕದ ಮನೆಯ ವಿಧವೆಯ ಮೇಲೆ.

ಹಳೆಯ ಧರ್ಮಶಾಸ್ತ್ರಗಳಿಗೆ ಮಾಟ ಒಂದು ಅಪರಾಧ. ಆದರೆ ಅದು ಕೇವಲ ದಂಡ ಕಟ್ಟಿ ಮುಗಿಸಬಹುದಾದ ಅಪರಾಧ. ಮನುಸ್ಮೃತಿಯ 9ನೆಯ ಅಧ್ಯಾಯ ಅಭಿಚಾರಕ್ಕೆ 200 ಪಣ ದಂಡ ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಲೌಕಿಕ. ಒಲ್ಲದ ಹೆಂಡತಿಯನ್ನು ಒಲಿಸಿಕೊಳ್ಳಲು ಗಂಡ, ಗಂಡನನ್ನು ಒಲಿಸಿಕೊಳ್ಳಲು ಹೆಂಡತಿ ವಶೀಕರಣ ಮಾಡಿದರೆ ತಪ್ಪಿಲ್ಲ, ಇನ್ನೊಬ್ಬರಿಗೆ ಕೇಡಾದರೆ ಮಾತ್ರ ದಂಡ ಎನ್ನುತ್ತದೆ. ಮಾಟ ಮಾಡಿದ್ದು ನಿಜವೇ ಎಂದು ತೀರ್ಮಾನಿಸುವುದು ಹೇಗೆ ಎಂಬ ಕಷ್ಟದ ಪ್ರಶ್ನೆ ಅಲ್ಲಿಂದ ಇಲ್ಲಿಯವರೆಗೂ ಹಾಗೆಯೇ ಉಳಿಯಿತು. ಆಪಾದಿತರ ಮಾತನ್ನು ಯಾರೂ ಬರೆದಿಡಲಿಲ್ಲ. ಉಳಿದದ್ದೆಲ್ಲ ಆಪಾದಿಸಿದವರ ಮಾತೇ.

ಇದಕ್ಕೆ ಒಂದು ಅಪರೂಪದ ಅಪವಾದ ಶಿಕಾರಿಪುರ ತಾಲ್ಲೂಕಿನಲ್ಲೇ ಸಿಕ್ಕುತ್ತದೆ. ಊರು ಬಳ್ಳಿಗಾವೆ, ಆಪಾದಿತರು ಕಾಳಾಮುಖರು.

ಕಾಳಾಮುಖರು ಶೈವ ಯತಿಗಳು. ಅವರ ಬಗ್ಗೆ ಪ್ರಚಾರದಲ್ಲಿದ್ದ ಚಿತ್ರ ಭಯಂಕರವಾದದ್ದು. ಮೊದಲು ಯಾಮುನಾಚಾರ್ಯರ, ಆಮೇಲೆ ರಾಮಾನುಜಾಚಾರ್ಯರ ವಾದಗ್ರಂಥಗಳಲ್ಲಿ ಅವರ ಆಚಾರಗಳ ಪಟ್ಟಿಯೇ ಇದೆ: ತಲೆಬುರುಡೆಯಲ್ಲಿ ಉಣ್ಣುತ್ತಾರೆ, ಹೆಣದ ಬೂದಿ ಬಳಿದುಕೊಳ್ಳುತ್ತಾರೆ, ಆ ಬೂದಿಯನ್ನು ತಿನ್ನುತ್ತಾರೆ, ಹೆಂಡದ ಗಡಿಗೆಯಲ್ಲಿ ದೇವರನ್ನಿಟ್ಟು ಪೂಜಿಸುತ್ತಾರೆ. ಸ್ಮಶಾನ, ಬುರುಡೆ, ಹೆಂಡ: ಇವತ್ತಿಗೂ ವಾಮಾಚಾರ ಎಂದ ಕೂಡಲೇ ಜನರ ಕಣ್ಣಿಗೆ ಕಟ್ಟುವುದು ಇದೇ ಮೂರು. ಆಚಾರ್ಯರು ವಾದಕ್ಕೆ ನಿಂತವರು, ಎದುರಾಳಿಯನ್ನು ಹೊಗಳುವುದು ಅವರ ಕೆಲಸವಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಓದಿದವರು ಅದನ್ನು ವಾದವೆಂದು ಓದಲಿಲ್ಲ, ಸಾಕ್ಷ್ಯವೆಂದು ಓದಿದರು. 1913ರಲ್ಲಿ ಆರ್. ಜಿ. ಭಂಡಾರ್ಕರ್ ಅವರಂಥ ದೊಡ್ಡ ವಿದ್ವಾಂಸರೂ ಶೈವ ಪಂಥಗಳ ಇತಿಹಾಸ ಬರೆಯುವಾಗ ಇದೇ ಚಿತ್ರವನ್ನು ಮುಂದಿಟ್ಟರು.

ಅಷ್ಟು ಹೊತ್ತಿಗೆ ಕಾಳಾಮುಖರ ಪರವಾದ ಸಾಕ್ಷಿ ಅಚ್ಚಾಗಿ ಹನ್ನೊಂದು ವರ್ಷ ಕಳೆದಿತ್ತು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟ 1902ರಲ್ಲಿ ಹೊರಬಂದಿತ್ತು. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಅವುಗಳಲ್ಲಿ 1162ರದೊಂದು ಕೋಡಿಯಮಠದ್ದು. ಕೇದಾರೇಶ್ವರ ಗುಡಿಗೆ ಸೇರಿದ್ದ ಈ ಮಠವೇ ಬಳ್ಳಿಗಾವೆಯಲ್ಲಿ ಕಾಳಾಮುಖರ ನೆಲೆ, ಆಗ ಅದರ ಗುರು ವಾಮಶಕ್ತಿ. ಕಳಚುರಿ ಬಿಜ್ಜಳ ಬಳ್ಳಿಗಾವೆಗೆ ಬಂದು ಬಿಡಾರ ಮಾಡಿದ್ದಾಗ ಮಠಕ್ಕೆ ದತ್ತಿ ಸಂದದ್ದನ್ನು ಹೇಳಲು ಕೆತ್ತಿಸಿದ ಕಲ್ಲು ಅದು. ದತ್ತಿಯ ಮಾತಿಗೆ ಮುಂಚೆ ಕವಿ ಮಠವನ್ನು ವರ್ಣಿಸುತ್ತಾನೆ. ವರ್ಣಿಸುತ್ತಾ ಮೈಮರೆಯುತ್ತಾನೆ.

ಆ ಮಠದಲ್ಲಿ ನಾಲ್ಕು ವೇದಗಳ ಪಾಠ ನಡೆಯುತ್ತಿತ್ತು. ಪಾಣಿನಿಯ ವ್ಯಾಕರಣವಿತ್ತು, ಶಾಕಟಾಯನನ ವ್ಯಾಕರಣವೂ ಇತ್ತು. ಶಾಕಟಾಯನ ಜೈನ ಎಂಬುದನ್ನು ಇಲ್ಲಿ ನೆನೆಯಬೇಕು. ಷಡ್ದರ್ಶನ, ಪಾತಂಜಲ ಯೋಗ, ಲಾಕುಲ ಸಿದ್ಧಾಂತ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಇಷ್ಟಾದರೆ ಒಳ್ಳೆಯ ಪಾಠಶಾಲೆ ಎನ್ನಬಹುದಿತ್ತು. ಕಲ್ಲು ಮುಂದುವರಿಯುತ್ತದೆ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು ಬಂದರೆ ಅಲ್ಲಿ ಯಾವಾಗಲೂ ಅನ್ನ. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೂ ಅನ್ನ. ಜೈನ ಕ್ಷಪಣಕರು, ಏಕದಂಡಿ, ತ್ರಿದಂಡಿ ಸನ್ಯಾಸಿಗಳು ಬಂದರೂ ಅನ್ನ. ತ್ರಿದಂಡ ಹಿಡಿಯುವವರು ಯಾಮುನ, ರಾಮಾನುಜರ ಪಂಥದ ಶ್ರೀವೈಷ್ಣವ ಯತಿಗಳು. ಬುರುಡೆಯಲ್ಲಿ ಉಣ್ಣುತ್ತಾರೆಂದು ಆಪಾದನೆ ಹೊತ್ತವರು, ಆಪಾದಿಸಿದವರ ಕಡೆಯ ಯತಿಗೂ ಎಲೆ ಹಾಕುತ್ತಿದ್ದರು. ಕೊನೆಗೆ ಬರುವ ಮಾತು ಇನ್ನೂ ದೊಡ್ಡದು: ದಿಕ್ಕಿಲ್ಲದ ರೋಗಿಗಳನ್ನು ಇಟ್ಟುಕೊಂಡು ಔಷಧ ಮಾಡುವ ಜಾಗ, ಎಲ್ಲ ಜೀವಿಗಳಿಗೂ ಅಭಯದ ಜಾಗ.

ಹೊಗಳಿಕೆಯ ಶಾಸನವನ್ನು ಅಕ್ಷರಕ್ಕಕ್ಷರ ನಂಬಬೇಕೆ ಎಂದು ಕೇಳುವವರು ಕೇಳಲಿ. ಬೈಗುಳದ ಗ್ರಂಥವನ್ನು ಅಕ್ಷರಕ್ಕಕ್ಷರ ನಂಬಿದ್ದಾಗ ಆ ಪ್ರಶ್ನೆ ಎಲ್ಲಿತ್ತು? ಡೇವಿಡ್ ಲೊರೆಂಜನ್ ಎಂಬ ವಿದ್ವಾಂಸ ಕಾಪಾಲಿಕರು ಮತ್ತು ಕಾಳಾಮುಖರ ಮೇಲೆ ಬರೆದ ಪುಸ್ತಕ 1972ರಲ್ಲಿ ಪ್ರಕಟವಾಯಿತು. ಶಾಸನಗಳನ್ನು ಒಟ್ಟಿಗಿಟ್ಟು ನೋಡಿ, ಕಾಪಾಲಿಕರೆಂಬ ಇನ್ನೊಂದು ಶೈವ ಪಂಥದ ಆಚಾರಗಳನ್ನು ಕಾಳಾಮುಖರ ತಲೆಗೆ ಕಟ್ಟಲಾಗಿದೆ ಎಂದು ಆತ ವಾದಿಸಿದ. ತೀರ್ಪು ಬರುವ ಹೊತ್ತಿಗೆ ಆಪಾದಿತರ ಪಂಥವೇ ಇರಲಿಲ್ಲ. ಗುಡಿ ಇತ್ತು, ಕಲ್ಲು ಇತ್ತು.

ಹೊರದೇಶಗಳ ಕಥೆ ಬಹಳ ದೊಡ್ಡದು, ಇಲ್ಲಿ ಒಂದೇ ಊರು ಸಾಕು. ಅಮೆರಿಕದ ಸೇಲಂನಲ್ಲಿ 1692ರಲ್ಲಿ ಮಾಟಗಾತಿಯರೆಂದು, ಮಾಟಗಾರರೆಂದು 19 ಮಂದಿಯನ್ನು ಗಲ್ಲಿಗೇರಿಸಿದರು; ಇನ್ನೊಬ್ಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಆಕೆಯ ಪ್ರೇತರೂಪ ರಾತ್ರಿ ಬಂದು ನನ್ನನ್ನು ಹಿಂಡಿತು ಎಂದು ದೂರುಗಾರ್ತಿ ಹೇಳಿದರೆ ಅದೇ ಸಾಕ್ಷ್ಯ. ಅಂಜನದ ಎಲೆಯಲ್ಲಿ ಕಂಡ ಮುಖಕ್ಕೂ ಇದಕ್ಕೂ ಅಂತರವಿಲ್ಲ. ಅಂಥ ಸಾಕ್ಷ್ಯ ನಡೆಯುವುದಿಲ್ಲ ಎಂದಾದ ಮೇಲೆ, ಮುಂದಿನ ವರ್ಷ ವಿಚಾರಣೆಗೆ ಬಂದವರಲ್ಲಿ ಹೆಚ್ಚಿನವರು ಬಿಡುಗಡೆಯಾದರು. 1711ರಲ್ಲಿ ಅಲ್ಲಿನ ಸರ್ಕಾರ ಹಲವರ ಶಿಕ್ಷೆ ಅಳಿಸಿ ಕುಟುಂಬಗಳಿಗೆ ಪರಿಹಾರ ಕೊಟ್ಟಿತು. ಪಟ್ಟಿಯಲ್ಲಿ ಉಳಿದುಹೋಗಿದ್ದ ಕೊನೆಯ ಹೆಸರು ಎಲಿಜಬೆತ್ ಜಾನ್ಸನ್. ಶಾಲಾಮಕ್ಕಳು ಪಟ್ಟುಹಿಡಿದು 2022ರಲ್ಲಿ ಆ ಹೆಸರನ್ನೂ ದೋಷಮುಕ್ತಗೊಳಿಸುವಂತೆ ಮಾಡಿದರು.

ನ್ಯಾಯಾಲಯದ ಮೆಟ್ಟಿಲು ಎಂಬುದು ಎಷ್ಟು ದೊಡ್ಡದೆಂದು ಇತ್ತ ಶಿಕಾರಿಪುರ ತಾಲ್ಲೂಕಿನ ಈಸೂರಿಗೂ ಗೊತ್ತು. ಸ್ವಾತಂತ್ರ್ಯ ಹೋರಾಟದ ಕಾಲದ 1942ರ ದಂಗೆಗಾಗಿ ಆ ಊರಿನವರ ಮೇಲೆ ಮೈಸೂರು ಸರ್ಕಾರ ಮೊಕದ್ದಮೆ ನಡೆಸಿತು. 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ಆ ಶಿಕ್ಷೆಯ ಬಗ್ಗೆ ನಾಡು ಇಂದಿಗೂ ಮರುಗುತ್ತದೆ. ಆದರೆ ಆರೋಪಿಗಳು ಯಾರು, ಆರೋಪವೇನು ಎಂಬುದು ದಾಖಲೆಯಲ್ಲಿದೆ, ಹುತಾತ್ಮರ ಹೆಸರುಗಳನ್ನು ಜನ ಹೇಳುತ್ತಾರೆ. ಮಾಟದ ಆಪಾದನೆಗೆ ದಾಖಲೆಯೇ ಇಲ್ಲ. ಅದರ ವಿಚಾರಣೆ ಅರಳಿಕಟ್ಟೆಯಲ್ಲಿ, ತೀರ್ಪು ಬಾವಿಕಟ್ಟೆಯಲ್ಲಿ. ಬೆಂಕಿ ಕೊಡುವುದಿಲ್ಲ, ಮಜ್ಜಿಗೆ ಕೊಡುವುದಿಲ್ಲ, ಮಕ್ಕಳನ್ನು ಆ ಮನೆಯ ಜಗಲಿ ಹತ್ತಲು ಬಿಡುವುದಿಲ್ಲ.

ಕಾರಣ ಗೊತ್ತಾದರೆ ಆಪಾದನೆಗೆ ಜಾಗ ಕಡಿಮೆಯಾಗುತ್ತದೆ ಎಂಬುದಕ್ಕೆ ಸೊರಬ ತಾಲ್ಲೂಕಿನಲ್ಲೇ ಉದಾಹರಣೆ ಇದೆ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಕಾಡಿಗೆ ಹೋಗಿ ಬಂದ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗನಿಂದ ವೈರಸ್ಸನ್ನು ಬೇರ್ಪಡಿಸಿದರು. ಅದನ್ನು ಹರಡುವುದು ಉಣ್ಣೆ, ಮಲೆನಾಡಿಗರ ಬಾಯಲ್ಲಿ ಉಣುಗು. ಕಾಯಿಲೆಗೆ ಲೋಕದ ಪುಸ್ತಕಗಳಲ್ಲಿ ಬಂದದ್ದು ಒಂದು ಕಾಡಿನ ಹೆಸರು. ಯಾವ ಹೆಂಗಸಿನ ಹೆಸರೂ ಅದಕ್ಕೆ ಅಂಟಲಿಲ್ಲ.

ಬಾನಾಮತಿಗೆ ಆ ಅದೃಷ್ಟವಿರಲಿಲ್ಲ. ಬೀದರ್, ಕಲಬುರಗಿಯಲ್ಲೂ ಗಡಿಯಾಚೆ ತೆಲಂಗಾಣದ ಮೆದಕ್ ಕಡೆಯೂ ಅದರ ಹಾವಳಿ. ಹೆಂಗಸರು ಇದ್ದಕ್ಕಿದ್ದಂತೆ ನಾಯಿಯ ಹಾಗೆ ಬೊಗಳುವುದು, ಮನೆಯ ಮೇಲೆ ಕಲ್ಲು ಬೀಳುವುದು, ಗಳುವಿನ ಮೇಲಿನ ಬಟ್ಟೆಗೆ ಬೆಂಕಿ ಹತ್ತುವುದು, ಮೈಮೇಲೆ ಗುರುತು ಮೂಡುವುದು. ಮನೋವೈದ್ಯರು ಬೊಗಳುವಿಕೆಯಲ್ಲಿ ಹೇಳಿಕೊಳ್ಳಲಾಗದ ಸಂಕಟವನ್ನು ಕಂಡರು. ಬಾಯಿಬಿಟ್ಟು ಅಳಲೂ ಆಗದ ಮನೆಯಲ್ಲಿ ಬೊಗಳಲು ಮಾತ್ರ ಸಾಧ್ಯವಿತ್ತು, ಒಬ್ಬಳದನ್ನು ನೋಡಿ ಇನ್ನೊಬ್ಬಳಿಗೂ ಅದು ಬರುತ್ತಿತ್ತು. ಬೆಂಕಿಗೆ ರಂಜಕ ಸಾಕು. ಮೈಮೇಲಿನ ಗುರುತಿಗೆ ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಸೊನೆ ಸಾಕು, ತಾಗಿದಲ್ಲಿ ಚರ್ಮ ಸುಟ್ಟಂತೆ ಬೊಕ್ಕೆ ಏಳುತ್ತದೆ.

ಬಾನಾಮತಿ ಮಾಡಿದರೆಂದು ಸಿಕ್ಕಿಬಿದ್ದವರಿಗೆ ಕೊಡುತ್ತಿದ್ದ ಶಿಕ್ಷೆಯೆಂದರೆ ಹಲ್ಲು ಕೀಳುವುದು. ಹಲ್ಲಿಲ್ಲದ ಬಾಯಿಗೆ ಮಂತ್ರದ ಉಚ್ಚಾರ ಸರಿಯಾಗಿ ಬರುವುದಿಲ್ಲ, ಆಗ ಮಾಟ ಫಲಿಸುವುದಿಲ್ಲ ಎಂಬ ಲೆಕ್ಕ. ನಾನು ಮಾಡಿಲ್ಲ ಎನ್ನಬೇಕಾಗಿದ್ದೂ ಅದೇ ಬಾಯಿ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ಮಾಡಿದರು. ಮರುವರ್ಷವೇ ಅದು ಮುಚ್ಚಿತು. ಮುಂದೆ ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ, ಛತ್ತೀಸ್‌ಗಢ 2005ರಲ್ಲಿ ಮಾಟಗಾತಿ ಎಂದು ಕರೆದು ಹಿಂಸಿಸುವುದರ ವಿರುದ್ಧ ಕಾನೂನು ತಂದವು. ಜಾರ್ಖಂಡಿನ ಛುಟ್ನಿ ದೇವಿ ಸ್ವತಃ ಆ ಆಪಾದನೆ ಹೊತ್ತು ಊರು ಬಿಟ್ಟವರು. ಅಂಥ ಹೆಂಗಸರ ಪರವಾಗಿ ದುಡಿದದ್ದಕ್ಕೆ 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮಹಾರಾಷ್ಟ್ರದ ಕಾನೂನಿಗಾಗಿ ವರ್ಷಗಟ್ಟಲೆ ಹೋರಾಡಿದ ನರೇಂದ್ರ ದಾಭೋಲ್ಕರ್ ಕೊಲೆಯಾದದ್ದು 2013ರ ಆಗಸ್ಟಿನಲ್ಲಿ, ಕಾನೂನು ಬಂದದ್ದು ಆ ಕೊಲೆಯ ಬೆನ್ನಿಗೆ.

ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಶಿಕ್ಷೆ 1 ವರ್ಷದಿಂದ 7 ವರ್ಷದವರೆಗೆ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು ಅದರಲ್ಲಿ ಅಪರಾಧ. ಒಬ್ಬರನ್ನು ಮಾಟ ಮಾಡುವವರೆಂದು ಸಾರಿ ಅವರ ಬಾಳು ಹಾಳುಮಾಡುವುದೂ ಅಪರಾಧ. ಆದರೆ ಜ್ಯೋತಿಷ್ಯ, ವಾಸ್ತು ಹೇಳುವುದನ್ನು ಹೊರಗಿಟ್ಟಿದ್ದಾರೆ, ಮೂಡಲ ದಿಕ್ಕು ಎನ್ನುವವನು ನುಣುಚಿಕೊಳ್ಳಲು ಅಷ್ಟು ಸಂದಿ ಸಾಕು.

ಕಾಯ್ದೆ ಬಂದ ಮೇಲೂ ಕೋಲು ಕೈಬಿಡಲಿಲ್ಲ. 2025ರ ಜುಲೈಯಲ್ಲಿ ಇದೇ ಶಿವಮೊಗ್ಗ ಜಿಲ್ಲೆಯಲ್ಲಿ, ಮೈಮೇಲೆ ದೆವ್ವ ಬಂದಿದೆ ಎಂದು ಹೆಂಗಸೊಬ್ಬಳನ್ನು ಹೊಡೆದರು. ಆಕೆ ಸತ್ತಳು. ಪೊಲೀಸರು ಬಂದದ್ದು ಆಮೇಲೆ.

ಪೆಟ್ಟು ಬೀಳುವ ಮೊದಲು, ಮಾತು ಹಬ್ಬಿದಾಗಲೇ ಹೋಗಬಹುದಾದ ಜಾಗವೊಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೆಂದು ಕೇಳದೆ ವಕೀಲರನ್ನು ಕೊಡಬೇಕು. ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಂದು ಕೇಳಿದರೆ ತೋರಿಸುತ್ತಾರೆ. ಫೋನಿನಲ್ಲಾದರೆ 15100, ಕರೆಗೆ ದುಡ್ಡಿಲ್ಲ.