ತೋಳಿನಿಂದ ತೋಳಿಗೆ



ಹಂಪಿಯ ವಿರೂಪಾಕ್ಷನ ರಥಬೀದಿಯ ಇಕ್ಕೆಲದ ಕಲ್ಲುಮಂಟಪಗಳನ್ನು ನೋಡಿ, ದೂರದೇಶಗಳ ಸರಕು ಒಂದು ಕಾಲದಲ್ಲಿ ಇಲ್ಲಿಗೆ ಹೇಗೆ ಬಂದು ಸೇರುತ್ತಿತ್ತೆಂದು ಬೆರಗಾಗುವ ನಾವು, ಇದೇ ಸೀಮೆಯ ಕೂಸೊಂದರ ತೊಡೆಗೆ ಇಂದು ತಲಪುವ ತೊಟ್ಟು ಲಸಿಕೆಯ ಪಯಣವನ್ನು ಕುರಿತು ಅಷ್ಟಾಗಿ ಯೋಚಿಸುವುದಿಲ್ಲ. ಸರ್ಕಾರವು ಪ್ರಜೆಗಳಿಗೆ ಲಸಿಕೆಯನ್ನು ಮುಟ್ಟಿಸುವ ಬಗೆ ಒಂದು ಸರಪಳಿಯಂತಿರುವುದೆಂದೂ, ಅದರ ಕಟ್ಟಕಡೆಯ ಕೊಂಡಿ ಯಂತ್ರವಲ್ಲದೆ ಮನುಷ್ಯರೇ ಆಗಿರುವರೆಂದೂ ನಿವೇದಿಸಿಕೊಳ್ಳುವುದು ನನ್ನ ಇಂದಿನ ಉದ್ದೇಶ.

ನಮ್ಮ ಪೂರ್ವಿಕರು ಸಿಡುಬನ್ನು ರೋಗವೆನ್ನಲಂಜಿ ‘ಅಮ್ಮ’ ಎಂದು ಕರೆದು ಬೇವಿನಸೊಪ್ಪು ಕಟ್ಟುತ್ತಿದ್ದರು. 1796ರಲ್ಲಿ ಎಡ್ವರ್ಡ್ ಜೆನ್ನರನು ಆ ಸಿಡುಬಿಗೆ ತಡೆಯೆಂದು ಪ್ರಯೋಗಿಸಿ ತೋರಿದ ಗೋಸಿಡುಬಿನ ರಸವು ಬಾಗ್ದಾದು, ಬಸ್ರಾಗಳನ್ನು ಹಾದು ಮುಂಬಯಿಗೆ ಬಂದು, 1802ರ ಜೂನ್ 14ರಂದು ಮೂರು ವರ್ಷದ ಅನ್ನಾ ಡಸ್ಟಾಲ್ ಎಂಬ ಬಾಲೆಯ ತೋಳನ್ನು ಸೇರಿತು. ಬಿಸಿಲಿಗೆ ಕೆಡುತ್ತಿದ್ದ ಆ ರಸವನ್ನು ಕಾಪಾಡಲು ಆಗ ಮನುಷ್ಯದೇಹವೇ ನೆಚ್ಚಿನ ಪಾತ್ರೆ. ಒಂದು ಮಗುವಿನ ತೋಳಿನಲ್ಲೆದ್ದ ಗುಳ್ಳೆಯಿಂದ ತೆಗೆದ ರಸವನ್ನು ಇನ್ನೊಂದರ ತೋಳಿಗೆ ಹಾಕುತ್ತ, ಹಾಗೆಯೇ ಊರಿಂದೂರಿಗೆ ಅದನ್ನು ದಾಟಿಸಬೇಕಾಗಿತ್ತು. ಮೈಸೂರಿನಲ್ಲಿ ಪೂರ್ಣಯ್ಯನವರ ದಿವಾನಗಿರಿಯ ಕಾಲಕ್ಕೆ, ಬಾಲದೊರೆ ಮುಮ್ಮಡಿ ಕೃಷ್ಣರಾಜರ ರಾಣಿ ದೇವಾಜಮ್ಮಣ್ಣಿಯವರು ಈ ದಾಕು ಹಾಕಿಸಿಕೊಂಡರೆಂದು ಹೇಳುತ್ತಾರೆ. ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಸೆರಗು ಸರಿಸಿ ತೋಳನ್ನು ತೋರುತ್ತಿರುವ ರಾಣಿ ಆಕೆಯೇ ಎಂಬುದು ಕೆಲವು ವಿದ್ವಾಂಸರ ಮತ. ರಾಜಾಜ್ಞೆಯ ಕಾಗದಕ್ಕಿಂತ ರಾಣಿಯ ತೋಳು ಹೆಚ್ಚು ಜನರಿಗೆ ಧೈರ್ಯ ಹೇಳಿರಬೇಕು.

ನಮ್ಮ ಸೀಮೆಯ ಸ್ಥಿತಿ ಇನ್ನೂ ವಿಚಿತ್ರವಾಗಿದ್ದಿತು. ಹಂಪಿ-ಹೊಸಪೇಟೆಗಳು ಮದರಾಸಿನ ಆಡಳಿತಕ್ಕೆ ಸೇರಿದ್ದರೆ, ಸಂಡೂರಿಗೆ ಅದರದೇ ಅರಸುಮನೆ. ಹರಿಗೋಲಿನಲ್ಲಿ ಹೊಳೆ ದಾಟಿದರೆ ಆನೆಗೊಂದಿಯಲ್ಲಿ ನಿಜಾಮನ ರಾಜ್ಯ. ಮೂರು ಸರ್ಕಾರಗಳ ಗಡಿಗಲ್ಲುಗಳು ಮನುಷ್ಯರಿಗೆ ಅಡ್ಡವಾಗಬಹುದು, ಸಿಡುಬಿಗೆ ಆಗಲಾರವು. 1962ರಲ್ಲಿ ಆರಂಭವಾದ ಸಿಡುಬು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವು ದೇಶವನ್ನೆಲ್ಲ ಒಂದೇ ಮನೆಯೆಂದು ಬಗೆದು, ಮನೆಮನೆಯಲ್ಲಿಯೂ ರೋಗಿಯನ್ನು ಹುಡುಕಿ, ಸುತ್ತಲಿನವರಿಗೆಲ್ಲ ಮೈಲಿ ಹಾಕುವ ಹಾದಿಗೆ ಬಂದ ಮೇಲೆಯೇ, 1975ರಲ್ಲಿ ಭಾರತದಿಂದ ಆ ಪಿಡುಗು ತೊಲಗಿದುದು.

ಇಂದು ತೋಳುಗಳ ಆ ಸರಪಳಿಯ ಸ್ಥಾನದಲ್ಲಿ ತಂಪಿನ ಸರಪಳಿಯಿದೆ. ರಾಜ್ಯದ ಉಗ್ರಾಣದಿಂದ ಜಿಲ್ಲೆಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ನೀರ್ಗಲ್ಲಿನ ಪೊಟ್ಟಣಗಳನ್ನು ಜೋಡಿಸಿದ ಡಬ್ಬಿಯಲ್ಲಿ ಅಂಗನವಾಡಿಗೆ, ಎಲ್ಲಿಯೂ ತಕ್ಕ ತಂಪು, ಬಹುತೇಕ ಲಸಿಕೆಗಳಿಗೆ 2ರಿಂದ 8 ಡಿಗ್ರಿ, ತಪ್ಪದಂತೆ ಲಸಿಕೆ ಸಾಗಬೇಕು. ಪೋಲಿಯೋ ಸೀಸೆಯ ಮೇಲಿನ ಪುಟ್ಟ ಚೌಕವು ಸೆಕೆಗೆ ಕಪ್ಪೇರಿದರೆ, ದಾದಿ ಆ ಸೀಸೆಯನ್ನು ಬದಿಗಿಡತಕ್ಕದ್ದು. ಬಳ್ಳಾರಿಯ ಬೇಸಗೆಯನ್ನು ಬಲ್ಲ ನಿಮಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಆದರೆ ತಂಪು ಕಾಯ್ದುಕೊಂಡ ಮಾತ್ರಕ್ಕೆ ಕೆಲಸ ಕೈಗೂಡದು. ಕೊರೋನಾ ಲಸಿಕೆಯಾದ ಕೋವಿಶೀಲ್ಡಿನ ಹತ್ತು ಮಂದಿಯ ಸೀಸೆಯನ್ನು ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಾಗಿತ್ತು. ಸಂಡೂರಿನ ಗುಡ್ಡದ ಮಗ್ಗುಲಿನ ತಾಂಡಾದಲ್ಲಿ ಅರ್ಧ ಊರು ಗುಳೆ ಹೋಗಿ, ಕಂಪ್ಲಿಯ ಗದ್ದೆಗಳಲ್ಲಿ ಉಳಿದರ್ಧ ನಾಟಿಗಿಳಿದಿರುವಾಗ ಆ ಹತ್ತು ಮಂದಿಯನ್ನು ಕಲೆಹಾಕುವವರಾರು? ಗುಳೆ ಹೋದವರು ಯಾವಾಗ ಮರಳುವರು, ಯಾವ ಬಸುರಿ ತವರಿಗೆ ಹೋಗಿದ್ದಾಳೆ, ಯಾವ ಮುದುಕ ಸೂಜಿಗೆ ಹೆದರಿ ಹಿತ್ತಿಲ ಬಾಗಿಲಿಂದ ಜಾರುತ್ತಾನೆ ಎಂಬುದು ಕಚೇರಿಯ ಕಡತದಲ್ಲಿಲ್ಲ; ಓಣಿಯ ಆಶಾ ಕಾರ್ಯಕರ್ತೆಗೆ ಮಾತ್ರ ಗೊತ್ತು.

2021ರಲ್ಲಿ ಹೊಸಪೇಟೆ ನೂತನ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಗಡಿಗಲ್ಲುಗಳು ಮತ್ತೊಮ್ಮೆ ಸರಿದ ಆ ವರ್ಷವೇ ಕೊರೋನಾ ಲಸಿಕೆಯ ವರ್ಷವೂ ಹೌದು. ಜನವರಿ 16ರಂದು ತೊಡಗಿದ ಆ ಕಾರ್ಯದಲ್ಲಿ ಸರದಿಯ ಮೊದಲಿಗೆ ನಿಲ್ಲಿಸಿದುದು ಆಶಾ ಕಾರ್ಯಕರ್ತೆಯರೂ ಸೇರಿದಂತೆ ಆರೋಗ್ಯ ಸೇವಕರನ್ನು. ರೋಗಿಗಳ ಬಳಿ ಓಡಾಡುವವರಿಗೆ ಮೊದಲು ರಕ್ಷಣೆಯಿರಲೆಂಬುದು ಸರ್ಕಾರದ ಎಣಿಕೆ. ಫಲ ಮಾತ್ರ ಅದಕ್ಕಿಂತ ದೊಡ್ಡದು. ತಿಂಗಳುಗಳ ತರುವಾಯ ಹೊಸ್ತಿಲಲ್ಲಿ ನಿಂತು “ಯಕ್ಕಾ, ನಾ ಮಾಡಿಸ್ಕೊಂಡೀನಿ, ನೋಡು, ಏನೂ ಆಗಿಲ್ಲ” ಎಂದು ತೋಳು ತೋರಿಸಲು ಆಶಾ ಕಾರ್ಯಕರ್ತೆಗೆ ಅದರಿಂದ ಅಧಿಕಾರ ದೊರೆಯಿತು. ಮೈಸೂರಿನ ರಾಣಿ ಚಿತ್ರದಲ್ಲಿ ಸರಿಸಿದ ಸೆರಗನ್ನೇ ಈಕೆ ಓಣಿಯಲ್ಲಿ ಸರಿಸಿದಳು. ಆಕೆಯನ್ನು ಬರೆದಿಡಲು ಚಿತ್ರಕಾರನೊಬ್ಬ ಬರಲಿಲ್ಲ, ಅಷ್ಟೇ.