ನಳಿಗೆಯ ಭಯ ಮತ್ತು ಹೊಟ್ಟೆಯ ಹುಣ್ಣು
(ಕೊಣ್ಣೂರಿನ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಎಂಡೋಸ್ಕೋಪಿಯ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದರೆ ಅದಕ್ಕೆ ನನ್ನ ಚಾಚಾ ಕಾರಣ.

ಚಾಚಾ ಹಮಾಲಿ ಕೆಲಸ ಮಾಡಿದವರು. ಮೊಣಕಾಲು ನೋವಿಗೆ ಅಂಗಡಿಯಿಂದ ಗುಳಿಗೆ ತಂದು, ಬರೀ ಹೊಟ್ಟೆಯಲ್ಲಿ ಚಹಾದ ಜೊತೆ ನುಂಗುವುದು ಅವರ ರೂಢಿ. ಹೊಟ್ಟೆ ಉರಿದರೆ ಅದಕ್ಕೊಂದು ಗ್ಯಾಸಿನ ಗುಳಿಗೆ. ಹೀಗೆ ವರ್ಷಗಳೇ ಕಳೆದವು. ವೈದ್ಯರು ಎಂಡೋಸ್ಕೋಪಿ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರೂ ಚಾಚಾ ಅದನ್ನು ಜೇಬಿನಲ್ಲೇ ಇಟ್ಟುಕೊಂಡರು. "ಪೈಪ್ ನುಂಗಿದರ ಉಸಿರ ಹೆಂಗ ಬಿಡಲಿ, ಬೇಟಾ?" ಎಂಬುದು ಅವರ ಪ್ರಶ್ನೆ. ನಾನೂ ಒತ್ತಾಯಿಸಲಿಲ್ಲ. ಈ ತಪ್ಪು ನನ್ನದು.

ಒಂದು ದಿನ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋಯಿತು. ಉಷ್ಣವಾಗಿರಬೇಕೆಂದು ಮಜ್ಜಿಗೆ ಕುಡಿಸಿದರು. ಮರುದಿನ ರಾತ್ರಿ ಕಣ್ಣು ಕತ್ತಲೆ ಬಂದು ಬಿದ್ದರು. ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿ ಮುಟ್ಟುವವರೆಗೆ ಅವರ ತಣ್ಣನೆಯ ಕೈ ನನ್ನ ಕೈಯಲ್ಲೇ ಇತ್ತು.

ಜಠರದಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು. ಜಠರದ ಆಮ್ಲ ತಗುಲಿ, ಕರುಳಿನಲ್ಲಿ ಜೀರ್ಣವಾಗುತ್ತಾ ಸಾಗಿದ ರಕ್ತ ಕಪ್ಪಾಗುತ್ತದೆ. ಆದ್ದರಿಂದಲೇ ನಮಗೆ ಅದು ರಕ್ತವೆಂದು ಹೊಳೆಯಲಿಲ್ಲ. (ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಆ ಮಕ್ಕಳ ಪಾಲಕರು ಗಾಬರಿಯಾಗಬೇಡಿ.) ಮೊದಲು ರಕ್ತ ಕೊಟ್ಟರು. ಆಮೇಲೆ ಚಾಚಾ ಹೆದರಿದ್ದ ಅದೇ ನಳಿಗೆಯ ಮೂಲಕ ಸೂಜಿ ಕಳಿಸಿ, ಹುಣ್ಣಿನ ಬುಡಕ್ಕೆ ಔಷಧಿ ಚುಚ್ಚಿ, ಸಣ್ಣ ಕ್ಲಿಪ್ಪು ಹಾಕಿ ರಕ್ತ ನಿಲ್ಲಿಸಿದರು. ಹೊಟ್ಟೆ ಕೊಯ್ಯಲಿಲ್ಲ. ಇದು ನನಗೆ ಆವರೆಗೆ ಗೊತ್ತಿರಲಿಲ್ಲ. ಎಂಡೋಸ್ಕೋಪಿ ಎಂದರೆ ಬರೀ ನೋಡುವುದು ಎಂದುಕೊಂಡಿದ್ದೆ.

ಉಸಿರಿನ ಪ್ರಶ್ನೆಗೆ ಉತ್ತರ ಸರಳ. ನಳಿಗೆ ಹೋಗುವುದು ಅನ್ನನಾಳದಲ್ಲಿ, ಶ್ವಾಸನಾಳದಲ್ಲಲ್ಲ. ದಪ್ಪ ಸುಮಾರು ಕಿರುಬೆರಳಿನಷ್ಟು, ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ. ಆರೆಂಟು ತಾಸು ಏನೂ ತಿನ್ನದೆ ಹೋಗಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿ, ಎಡ ಮಗ್ಗುಲಿಗೆ ಮಲಗಿಸುತ್ತಾರೆ. ಓಕರಿಕೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಬರೀ ನೋಡುವುದಾದರೆ ಸಾಮಾನ್ಯವಾಗಿ ಐದು-ಹತ್ತು ನಿಮಿಷದ ಮಾತು. ಗಂಟಲಿನ ಮರಗಟ್ಟು ಇಳಿಯುವವರೆಗೆ ನೀರು ಕೂಡ ಕುಡಿಯಬಾರದು. ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರೆ ಆ ದಿನ ಗಾಡಿ ಓಡಿಸಬಾರದು. ರಕ್ತ ತೆಳುವಾಗಿಸುವ ಗುಳಿಗೆ ಅಥವಾ ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಕರುಳಿಗೆ ತೂತು ಬೀಳುವಂಥ ಅಪಾಯ ಉಂಟು, ಆದರೆ ವಿರಳ.

ಈ ಉಪಕರಣದ ಹಿಂದೆ ನಮ್ಮ ದೇಶದವರೊಬ್ಬರಿದ್ದಾರೆ. ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹಾಪ್ಕಿನ್ಸ್ ಅವರ ಜೊತೆಗೂಡಿ, ಬಾಗುವ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರ ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. ಅದೇ ತತ್ವದ ಮೇಲೆ ಅಮೆರಿಕೆಯಲ್ಲಿ ಬೇಸಿಲ್ ಹಿರ್ಷೋವಿಟ್ಜ್ ಬಾಗುವ ನಳಿಗೆ ಮಾಡಿ, 1957ರಲ್ಲಿ ಮೊದಲು ತಾವೇ ನುಂಗಿದರು. ಮುಂದೆ 1982ರಲ್ಲಿ ಆಸ್ಟ್ರೇಲಿಯಾದ ವಾರನ್ ಮತ್ತು ಮಾರ್ಷಲ್, ಹೀಗೆ ತೆಗೆದ ಜಠರದ ಚೂರುಗಳಿಂದಲೇ ಹೆಲಿಕೋಬ್ಯಾಕ್ಟರ್ ಎಂಬ ರೋಗಾಣುವನ್ನು ಬೆಳೆಸಿದರು. ಖಾರ, ಚಿಂತೆಗಳೇ ಹುಣ್ಣಿಗೆ ಕಾರಣವೆನ್ನುತ್ತಿದ್ದ ಕಾಲವದು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂದಿತು. ರೋಗಾಣುವಿನಿಂದಾದ ಹುಣ್ಣಿಗೆ ಈಗ ಎರಡು ವಾರ ತಪ್ಪದೆ ಔಷಧಿ ತೆಗೆದುಕೊಂಡರೆ ಬಹುತೇಕ ವಾಸಿಯಾಗುತ್ತದೆ.

ಎದೆ ಉರಿದವರೆಲ್ಲ ನಳಿಗೆ ಹಾಕಿಸಿಕೊಳ್ಳಬೇಕಿಲ್ಲ. ಆದರೆ ಕಪ್ಪು ಮಲ ಅಥವಾ ರಕ್ತವಾಂತಿಯಾದರೆ ಅಂದೇ ಆಸ್ಪತ್ರೆಗೆ ಹೋಗಿರಿ. ರೊಟ್ಟಿಯ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಗುಟ್ಕಾ, ಬೀಡಿ ಚಟವಿದ್ದವರಿಗೆ ಇದನ್ನು ಎರಡು ಸಲ ಹೇಳುತ್ತೇನೆ. ರಂಜಾನಿನಲ್ಲಿ ಇಂಥ ಲಕ್ಷಣ ಕಂಡರೆ ಈದ್ ಮುಗಿಯಲಿ ಎನ್ನುವವರಿದ್ದಾರೆ. ರೋಗಿಗೆ ರೋಜಾ ಮುಂದೂಡುವ ಅವಕಾಶವಿದೆ, ಒಸರುವ ರಕ್ತ ಕಾಯುವುದಿಲ್ಲ.

ತಾಯಂದಿರಿಗೆ ಇನ್ನೊಂದು ಮಾತು. ಮಲದಲ್ಲಿ ಕೆಂಪು ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ನಾಚಿಕೆಯಿಂದ ಮುಚ್ಚಿಡುತ್ತೀರಿ. ಅದು ದೊಡ್ಡ ಕರುಳಿನ ಗಂಟೂ ಆಗಿರಬಹುದು. ಕೊಲೊನೋಸ್ಕೋಪಿಯಲ್ಲಿ ಅಂಥ ಗಂಟನ್ನು ಕ್ಯಾನ್ಸರ್ ಆಗುವ ಮೊದಲೇ ತೆಗೆಯಲು ಸಾಧ್ಯ. ಹಿಂದಿನ ದಿನ ಭೇದಿ ಔಷಧಿ ಕುಡಿದು ಕರುಳು ತೊಳೆದುಕೊಳ್ಳುವುದೇ ಅದರಲ್ಲಿ ಕಷ್ಟದ ಕೆಲಸ. ಜೊತೆಗೆ ನರ್ಸಮ್ಮ ಇರಲಿ ಎಂದು ಕೇಳಿರಿ, ಕೇಳುವುದರಲ್ಲಿ ತಪ್ಪಿಲ್ಲ.

ಎರಡು ತಿಂಗಳ ನಂತರ ಹುಣ್ಣು ಮಾಯ್ದಿದೆಯೇ ಎಂದು ನೋಡಲು ಚಾಚಾಗೆ ಮತ್ತೆ ನಳಿಗೆ ಹಾಕಿದರು. ಚೂರು ತೆಗೆದು ಪರೀಕ್ಷೆಗೂ ಕಳಿಸಿದರು, ಕ್ಯಾನ್ಸರ್ ಇರಲಿಲ್ಲ. ಈ ಸಲ ಅವರೇ ಬೆಳಿಗ್ಗೆ ಎದ್ದು ಬಸ್‌ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತಿದ್ದರು. ಮೊಣಕಾಲಿನ ನೋವು ಇನ್ನೂ ಇದೆ. ಅಂಗಡಿಯ ಗುಳಿಗೆ ಬಿಟ್ಟಿದ್ದಾರೆ.