ಕಾಮಾಲೆಯ ಬೆನ್ನು ಹತ್ತಿದ ವಿಜ್ಞಾನಿ

ಸಾಸವಡದ ಕನ್ನಡ ಬಂಧುಗಳ ಮುಂದೆ ಆಡಿದ ಮಾತುಗಳಿವು. ಅಂದು ಬರಲಾಗದ ನಿಮಗಾಗಿ ಇಲ್ಲಿ ಕೊಟ್ಟಿದ್ದೇನೆ. ಓದಿದ್ದು ಕನ್ನಡ ಬಿ.ಎ., ಹೊಟ್ಟೆಪಾಡು ಮೈಕಿನ ಮುಂದೆ. ಹಾಗಾಗಿ ವೈದ್ಯಶಾಸ್ತ್ರದ ಪಾಠವನ್ನು ನನ್ನಿಂದ ನಿರೀಕ್ಷಿಸಬೇಡಿ.

ಆಷಾಢ ವಾರಿಯಲ್ಲಿ ಜ್ಞಾನೇಶ್ವರರ ಪಲ್ಲಕ್ಕಿ ದಿವೇಘಾಟ ಹತ್ತಿ ಸಾಸವಡಕ್ಕೆ ಬರುವುದನ್ನು ನೀವು ಕಂಡವರೇ. ಲಕ್ಷಗಟ್ಟಲೆ ವಾರಕರಿಗಳು, ಮಳೆಗಾಲದ ಆರಂಭ, ಎಲ್ಲೆಲ್ಲೂ ನೀರಿನ ಟ್ಯಾಂಕರು. ಆ ಒಂದು ಲೋಟ ನೀರಿನೊಂದಿಗೆ ಏನೇನು ಒಳಗೆ ಹೋಗಬಹುದು? ಘಾಟಿನ ಆಚೆ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ, ನೀರಿನಿಂದ ಹರಡುವ ಕಾಮಾಲೆಯ ಹಿಂದೆ ಬಿದ್ದು ದಶಕಗಳನ್ನೇ ಕಳೆದವರು ಡಾ. ವಿದ್ಯಾ ಅರಣಕಲ್ಲೆ.

1952ರಲ್ಲಿ ಶುರುವಾದ ಈ ಸಂಸ್ಥೆ ಕನ್ನಡಿಗರಿಗೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದವರು ಇಲ್ಲಿಯವರೇ. 2021ರಲ್ಲಿ ನಿಮ್ಮ ಪಕ್ಕದ ಬೆಲಸರದಲ್ಲಿ ಝೀಕಾ ಇದೆ ಎಂದು ಖಚಿತಪಡಿಸಿದ್ದೂ ಇದೇ ಸಂಸ್ಥೆ.

ಕಾಮಾಲೆಯ ಕಥೆ ಮಾತ್ರ ದೆಹಲಿಯಿಂದ ಶುರುವಾಗುತ್ತದೆ. 1955ರ ಕೊನೆಯಲ್ಲಿ ಯಮುನೆಯ ಪಾತ್ರ ಸರಿದು, ಚರಂಡಿಯ ನೀರು ಊರಿಗೆ ಕುಡಿಯುವ ನೀರು ಕೊಡುವ ಸ್ಥಾವರದೊಳಗೇ ನುಗ್ಗಿತು. ಸುಮಾರು 29,000 ಜನರ ಕಣ್ಣು ಹಳದಿಯಾಯಿತು. ಇದು ಹೆಪಟೈಟಿಸ್ 'ಎ' ಇರಬೇಕೆಂದು ಬಹುಕಾಲ ಎಲ್ಲರೂ ನಂಬಿದ್ದರು. ಆದರೆ ಒಂದು ಎಳೆ ಹೊಂದುತ್ತಿರಲಿಲ್ಲ. ನಮ್ಮ ದೇಶದಲ್ಲಿ ಆಗೆಲ್ಲ 'ಎ' ಸೋಂಕು ಚಿಕ್ಕಂದಿನಲ್ಲೇ ಬಂದು ಹೋಗುತ್ತಿತ್ತು, ಒಮ್ಮೆ ಬಂದರೆ ಮತ್ತೆ ಬಾರದು. ಹಾಗಿದ್ದರೆ ಹಾಸಿಗೆ ಹಿಡಿದವರಲ್ಲಿ ದುಡಿಯುವ ವಯಸ್ಸಿನವರೇ ಹೆಚ್ಚೇಕೆ? ಜೋಪಾನವಾಗಿಟ್ಟಿದ್ದ ಆ ಕಾಲದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ, 1980ರಲ್ಲಿ, ಇದು 'ಎ' ಅಲ್ಲವೆಂದು ಗೊತ್ತಾಯಿತು. ಕಾಶ್ಮೀರದ 1978ರ ಕಾಮಾಲೆಯನ್ನು ಅಧ್ಯಯನ ಮಾಡಿದ ಡಾ. ಮೊಹಮ್ಮದ್ ಖುರೂ ಕೂಡ ಅದೇ ವರ್ಷ ಅದೇ ಮಾತು ಹೇಳಿದರು.

ಅಲ್ಲ ಎಂದದ್ದಾಯಿತು, ಮತ್ತೆ ಯಾವುದು? 1983ರಲ್ಲಿ ರಷ್ಯದ ಬಲಯಾನ್ ಎಂಬ ವಿಜ್ಞಾನಿ ರೋಗಿಗಳ ಮಲದ ಸಾರವನ್ನು ತಾವೇ ಕುಡಿದು, ಕಾಮಾಲೆ ತರಿಸಿಕೊಂಡು, ತಮ್ಮ ಮಲದಲ್ಲೇ ವೈರಸ್ಸಿನ ಕಣಗಳನ್ನು ಕಂಡರು. (ಊಟದ ಹೊತ್ತಿನಲ್ಲಿ ಇದನ್ನು ಓದುತ್ತಿದ್ದರೆ ಕ್ಷಮಿಸಿ!) 1988ರಲ್ಲಿ ಅರಣಕಲ್ಲೆ ಮತ್ತು ಸಂಗಡಿಗರು ಇಂಥ ಕಾಮಾಲೆಗೆ ಕಾರಣವೆನ್ನಬಹುದಾದ ವೈರಸ್ಸಿನಂಥ ಕಣದ ಬಗ್ಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. 1990ರ ಹೊತ್ತಿಗೆ ಅಮೆರಿಕದಲ್ಲಿ ಅದರ ವಂಶವಾಹಿಯೂ ಕೈಗೆ ಸಿಕ್ಕಿತು. ಹೆಸರು ಹೆಪಟೈಟಿಸ್ 'ಇ'.

ನನಗೆ ಹೆಚ್ಚು ಹಿಡಿಸಿದ್ದು ಅವರ ತಂಡ ಆಮೇಲೆ ಮಾಡಿದ ಕೆಲಸ. ಪುಣೆಯ ಜನರಿಂದ 1982ರಲ್ಲೂ 1992ರಲ್ಲೂ ತೆಗೆದ ರಕ್ತವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. 'ಎ'ಯ ಗುರುತು ಸಣ್ಣ ಮಕ್ಕಳಲ್ಲೇ ಧಾರಾಳ. 'ಇ'ಯ ಗುರುತು ಮಕ್ಕಳಲ್ಲಿ ವಿರಳ, ಹರೆಯದವರಲ್ಲಿ ಹತ್ತಕ್ಕೆ ಸುಮಾರು ನಾಲ್ಕು. ಕುಡಿಯುವುದು ಒಂದೇ ನೀರು. ಮಕ್ಕಳನ್ನೇಕೆ ಅದು ಬಿಟ್ಟಿತು ಎಂಬುದು ಸಣ್ಣ ಒಗಟೇನಲ್ಲ. ಮುಂದೆ ಹಂದಿಗಳಲ್ಲೂ 'ಇ' ವೈರಸ್ ಸಿಕ್ಕಿತು. ನಮ್ಮ ರೋಗಕ್ಕೆ ಹಂದಿಯೇ ಮೂಲವೇ? 2002ರಲ್ಲಿ ಅವರು ಕೊಟ್ಟ ಉತ್ತರ: ಪಶ್ಚಿಮ ಭಾರತದಲ್ಲಿ ಜನರಲ್ಲಿರುವ ತಳಿ ಬೇರೆ, ಹಂದಿಗಳಲ್ಲಿರುವ ತಳಿ ಬೇರೆ. ತಪ್ಪನ್ನು ಹಂದಿಯ ತಲೆಗೆ ಕಟ್ಟುವಂತಿರಲಿಲ್ಲ. ಮನುಷ್ಯರ ಮಲವೇ ನೀರಿಗೆ ಸೇರಿ ಮನುಷ್ಯರ ಬಾಯಿಗೆ ಬರುತ್ತಿತ್ತು.

ಇದನ್ನೆಲ್ಲ ಸಾಸವಡದಲ್ಲಿ ಹೇಳಿದ್ದು ಯಾಕೆಂದರೆ, ಈ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಬಸುರಿಯರಲ್ಲಿ ಹಾಗಲ್ಲ. ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನೂರರಲ್ಲಿ ಇಪ್ಪತ್ತಕ್ಕೂ ಹೆಚ್ಚು ತಾಯಂದಿರು ಉಳಿಯದಿರಬಹುದು. ಚೀನಾ 2011ರಲ್ಲೇ ಲಸಿಕೆಯೊಂದಕ್ಕೆ ಒಪ್ಪಿಗೆ ಕೊಟ್ಟಿದ್ದರೂ ನಮ್ಮ ಮಕ್ಕಳ ಲಸಿಕೆ ಪಟ್ಟಿಯಲ್ಲಿ ಅದು ಸೇರಿಲ್ಲ.

ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದರೆ ಅವಳ ನೀರು ಚೆನ್ನಾಗಿ ಕುದ್ದದ್ದಿರಲಿ, ಟ್ಯಾಂಕರಿನದಾಗಲಿ, ಬಾವಿಯದಾಗಲಿ. ಪೈಪು ಒಡೆದು ನೀರು ಕಲಕಿ ಬಂದ ದಿನ ಮನೆಮಂದಿಗೆಲ್ಲ ಅದೇ ಕ್ರಮ. ಅವಳ ಕಣ್ಣು ಹಳದಿ ಕಂಡರೆ ನೆಲನೆಲ್ಲಿ ಅರೆಯುತ್ತ ಕೂರಬೇಡಿ; ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.